ಮಗುವಿಗೆ ಮೊದಲು ಒಂದು ಭಾಷೆ ಸಿಗಲಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಕಿವಿ ಕೇಳದ ಮಕ್ಕಳ ಬಗ್ಗೆ ಮಾತಾಡೋಣ ಅಂತ ಬಂದಿದೀನಿ, ಅವರಿಗೆ ಭಾಷೆ ಹೇಗೆ ಬರತ್ತೆ, ಓದು ಬರಹ ಯಾಕೆ ಅಷ್ಟು ಕಷ್ಟ ಆಗತ್ತೆ ಅನ್ನೋದರ ಬಗ್ಗೆ. ಇದನ್ನ ರೇಡಿಯೋದಲ್ಲೇ ಹೇಳಬೇಕು ಅಂತ ನನಗೆ ಬಹಳ ಆಸೆ ಇತ್ತು, ಯಾಕಂದ್ರೆ ಹುಟ್ಟಿನಿಂದ ಕಿವಿ ಕೇಳದ ಮಕ್ಕಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಕ್ಕಳ ಅಪ್ಪ ಅಮ್ಮ ಚೆನ್ನಾಗಿ ಕಿವಿ ಕೇಳೋರೇ, ಅಂದ್ರೆ ಈ ವಿಷಯ ತಿಳ್ಕೋಬೇಕಾದ ಜನ ಈಗ ಅಡುಗೆಮನೇಲೋ ಬಸ್ಸಲ್ಲೋ ಹೊಲದಲ್ಲೋ ರೇಡಿಯೋ ಕೇಳ್ತಿರೋ ನೀವೇ.

ಕರೆದ್ರೆ ಮಗು ತಿರುಗಲ್ಲ ಅಂತ ಮೊದಲು ಅನುಮಾನ ಬರೋದು ಸಾಮಾನ್ಯವಾಗಿ ತಾಯಿಗೆ. ಮನೇಲಿ ಹೇಳ್ತಾಳೆ. "ಅವರಪ್ಪನೂ ಮೂರು ವರ್ಷಕ್ಕೇ ಕಣಮ್ಮ ಬಾಯಿ ಬಿಟ್ಟಿದ್ದು, ಸುಮ್ನಿರು" ಅಂತಾರೆ ಅತ್ತೆ. ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚು ಅಂತ ಇನ್ನೊಬ್ರು. ಯಾರೋ ಒಬ್ರು ಮಗೂನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಬೀಳಿಸ್ತಾರೆ, ಮಗು ತಿರುಗಿ ನೋಡತ್ತೆ, ಸದ್ಯ ಕಿವಿ ಕೇಳತ್ತಲ್ಲ ಅಂತ ಎಲ್ಲರಿಗೂ ಸಮಾಧಾನ. ಆದ್ರೆ ಮಗು ತಿರುಗಿದ್ದು ನೆಲ ಅದುರಿದ್ದಕ್ಕಿರಬಹುದು, ಗೋಡೆ ಮೇಲೆ ನೆರಳಾಡಿದ್ದಕ್ಕಿರಬಹುದು, ಇಲ್ಲಾ ದೊಡ್ಡ ಸದ್ದಷ್ಟೇ ಕೇಳೋ ಮಟ್ಟಿಗೆ ಕಿವಿ ಉಳಿದಿರಬಹುದು, ಮಾತಿನಲ್ಲಿ ಬರೋ ಸ, ಶ, ತ, ಕ ಇವೆಲ್ಲ ಅದಕ್ಕೆ ಕೇಳಿಸ್ತಾನೇ ಇರಲ್ಲ. ಇನ್ನೊಂದು ವಿಷಯ, ಮೊದಲ ಕೆಲವು ತಿಂಗಳು ಕಿವಿ ಕೇಳದ ಕೂಸೂ ಎಲ್ಲಾ ಕೂಸುಗಳ ಥರಾನೇ ಊಂ ಆಂ ಅಂತ ದನಿ ಮಾಡತ್ತೆ, ಅದನ್ನ ನೋಡಿ ಅನುಭವಸ್ಥ ಅಜ್ಜಿಯರೂ ಮೋಸ ಹೋಗ್ತಾರೆ.

ಹಾಗಾಗಿ ತಟ್ಟೆ ಬಡಿಯೋದು ಬಿಡಿ, ಪರೀಕ್ಷೆ ಮಾಡಿಸಿ. ಮಗು ನಿದ್ದೆ ಮಾಡ್ತಿರುವಾಗಲೇ ಕಿವಿಗೆ ಒಂದು ಸಣ್ಣ ಮೆತ್ತನೆ ಬಿರಡೆ ಥರದ್ದು ಇಟ್ಟು ಒಎಇ ಅಂತ ಟೆಸ್ಟ್ ಮಾಡ್ತಾರೆ, ಕೆಲವೇ ನಿಮಿಷ, ನೋವಿಲ್ಲ, ಅದರಲ್ಲಿ ಅನುಮಾನ ಬಂದ್ರೆ ಸದ್ದು ಕಿವಿಯಿಂದ ಮಿದುಳಿನ ಕಡೆಗೆ ತಲುಪತ್ತಾ ಅಂತ ನೋಡೋ ಬೇರಾ ಅಂತ ಇನ್ನೊಂದು ಟೆಸ್ಟ್ ಇದೆ. 1 ತಿಂಗಳೊಳಗೆ ಮೊದಲ ಟೆಸ್ಟು, 3 ತಿಂಗಳೊಳಗೆ ಖಚಿತ, 6 ತಿಂಗಳೊಳಗೆ ಚಿಕಿತ್ಸೆ ತರಬೇತಿ ಶುರು, ಇದು ಪ್ರಪಂಚದಾದ್ಯಂತ ತಜ್ಞರು ಇಟ್ಕೊಂಡಿರೋ ಲೆಕ್ಕ. 1998ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಕ್ರಿಸ್ಟೀನ್ ಯೋಶಿನಾಗಾ ಇಟಾನೋ ಅನ್ನೋರು ಮತ್ತು ಅವರ ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದ್ರು, 6 ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ ಆಮೇಲೆ ಪತ್ತೆಯಾದವರಿಗಿಂತ ಎಷ್ಟೋ ಮುಂದಿತ್ತು. ನಮ್ಮಲ್ಲಿ ಇನ್ನೂ ಎಷ್ಟೋ ಮಕ್ಕಳನ್ನ ಎರಡು ಮೂರು ವರ್ಷ ತುಂಬಿದ ಮೇಲೆ ಕರ್ಕೊಂಡು ಬರ್ತಾರೆ.

ಯಾಕೆ ಇಷ್ಟು ಅವಸರ ಅಂದ್ರೆ, ಭಾಷೆ ಕಲಿಯೋಕೆ ಮಿದುಳು ಅತ್ಯಂತ ತಯಾರಾಗಿರೋದು ಮೊದಲ ಕೆಲವು ವರ್ಷಗಳಲ್ಲೇ. ಆ ವಯಸ್ಸಲ್ಲಿ ಮಿದುಳಿಗೆ ಬೇಕಾಗಿರೋದು ಭಾಷೆ, ಅದು ಕಿವಿಯಿಂದ ಬಂತೋ ಕಣ್ಣಿಂದ ಬಂತೋ ಅಂತ ಅದು ನೋಡಲ್ಲ. ಲಾರಾ ಆನ್ ಪೆಟಿಟೋ ಅನ್ನೋ ವಿಜ್ಞಾನಿ 1991ರಲ್ಲಿ ತೋರಿಸಿಕೊಟ್ಟ ವಿಷಯ ಕೇಳಿ, ಕಿವಿ ಕೇಳದ ಅಪ್ಪ ಅಮ್ಮ ಮನೇಲಿ ಸೈನ್ ಭಾಷೆ, ಅಂದ್ರೆ ಕೈಸನ್ನೆಯಲ್ಲೇ ಆಡೋ ಭಾಷೆ ಬಳಸ್ತಿದ್ರೆ ಅವರ ಕಿವಿ ಕೇಳದ ಕೂಸು ಬೇರೆ ಕೂಸುಗಳು ಬಬಬ ದದದ ಅನ್ನೋ ವಯಸ್ಸಿಗೆ ಕೈಯಲ್ಲೇ ತೊದಲತ್ತೆ, ಅರ್ಥವಿಲ್ಲದ ಆದ್ರೆ ಲಯ ಇರೋ ಕೈಚಲನೆ. ನನಗೆ ಇದು ಈಗಲೂ ಅದ್ಭುತ ಅನ್ಸತ್ತೆ.

ಭಾಷೆ ಸಿಗದೇ ಇದ್ರೆ ಏನಾಗತ್ತೆ ಅಂತ ನನ್ನ ಹತ್ರ ಬಂದ ಒಂದು ಹುಡುಗಿ ವಿಷಯ ಹೇಳಿದ್ರೆ ನಿಮಗೆ ಗೊತ್ತಾಗತ್ತೆ. ಹಾಸನದ ಕಡೆಯವಳು, ಆರು ವರ್ಷ, ಬಹಳ ಚೂಟಿ. ನೀರು ಬೇಕು, ಹೊರಗೆ ಹೋಗಬೇಕು, ಅದು ಕೊಡು, ಇಷ್ಟನ್ನ ಬೆರಳು ತೋರಿಸಿ ಹೇಳೋಳು. ಅವಳಪ್ಪ ಬೆಂಗಳೂರಲ್ಲಿ ಕೆಲಸ, ಪ್ರತಿ ಸೋಮವಾರ ಬೆಳಗ್ಗೆ ಬ್ಯಾಗ್ ಎತ್ತಿಕೊಂಡ್ರೆ ಸಾಕು ಅವಳು ಬಾಗಿಲಿಗೆ ಅಡ್ಡ ಮಲಗಿ ಅಳೋಳಂತೆ, ಯಾಕಂದ್ರೆ ಶನಿವಾರ ವಾಪಸ್ ಬರ್ತಾರೆ ಕಣೇ ಅಂತ ಅವಳಿಗೆ ಹೇಳೋಕೆ ಮನೇಲಿ ಯಾರಿಗೂ ದಾರಿ ಇರಲಿಲ್ಲ. ಎದುರಿಗಿರೋ ಲೋಟನ ತೋರಿಸಬಹುದು, ಶನಿವಾರಾನ ತೋರಿಸೋಕಾಗತ್ತಾ? ನಾಳೆ, ನಿನ್ನೆ, ಯಾಕೆ, ಒಂದು ವೇಳೆ, ಅವರ ಮನಸ್ಸಲ್ಲಿ ಏನಿದೆ, ಇದೆಲ್ಲ ಭಾಷೆ ಇದ್ರೆ ಮಾತ್ರ ಮಗುವಿಗೆ ಸಿಗೋದು. ಅವಳನ್ನ ಹಠಮಾರಿ ಅಂತಿದ್ರು ಮನೇಲಿ. ಸೈನ್ ಕಲಿಯೋಕೆ ಶುರು ಮಾಡಿ, ಗೋಡೆ ಕ್ಯಾಲೆಂಡರಲ್ಲಿ ಅಪ್ಪ ಹೋಗೋ ದಿನ, ಬರೋ ದಿನ ಎರಡಕ್ಕೂ ಫೋಟೋ ಅಂಟಿಸಿ ತೋರಿಸ್ತಾ ಹೋದ ಮೇಲೆ ಸೋಮವಾರದ ಅಳು ನಿಧಾನಕ್ಕೆ ನಿಂತೋಯ್ತು, ಆಮೇಲೆ ಅವಳೇ ಅಮ್ಮನ ಕೈ ಹಿಡಿದು ಕ್ಯಾಲೆಂಡರ್ ಹತ್ರ ಎಳಕೊಂಡು ಹೋಗಿ ಕೇಳೋಳು.

ತುಟಿ ನೋಡಿ ಅರ್ಥ ಮಾಡ್ಕೋತಾರೆ ಬಿಡಿ ಅಂತ ಬಹಳ ಜನ ತಿಳ್ಕೊಂಡಿದಾರೆ. ಇವತ್ತು ಕನ್ನಡಿ ಮುಂದೆ ನಿಂತು ದನಿ ಬಿಡದೆ ಮಾಮ ಅನ್ನಿ, ಪಾಪ ಅನ್ನಿ, ಬಾಬಾ ಅನ್ನಿ. ಮೂರೂ ಒಂದೇ. ಕ, ಗ, ಹ ಇವಂತೂ ತುಟಿ ಮೇಲೆ ಕಾಣೋದೇ ಇಲ್ಲ. ಮೊದಲೇ ಕನ್ನಡ ಬರೋ ದೊಡ್ಡವರು ಆಮೇಲೆ ಕಿವಿ ಕಳ್ಕೊಂಡ್ರೆ ಊಹೆ ಮಾಡಿ ತುಂಬಿಕೋತಾರೆ, ಆದ್ರೆ ಕನ್ನಡವನ್ನೇ ಇನ್ನೂ ಕಲೀಬೇಕಾದ ಮಗು ಯಾವ ಆಧಾರದ ಮೇಲೆ ಊಹೆ ಮಾಡಬೇಕು?

ಹಿಯರಿಂಗ್ ಏಡ್, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸೋ ಕಾಕ್ಲಿಯರ್ ಇಂಪ್ಲಾಂಟ್ ಎರಡೂ ಒಳ್ಳೇದೇ, ಸಿಕ್ಕಿದ್ರೆ ಖಂಡಿತ ಹಾಕಿಸಿ, ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಇಂಪ್ಲಾಂಟಿಗೆ ಸಹಾಯ ಇದೆ. ಆದ್ರೆ ಯಂತ್ರ ಶಬ್ದ ಕೊಡತ್ತೆ, ಭಾಷೆ ಕೊಡಲ್ಲ. ಆಪರೇಷನ್ ಆದ ಮೇಲೆ ಮ್ಯಾಪಿಂಗ್ ಅಂತ, ಅಂದ್ರೆ ಯಂತ್ರದ ಸದ್ದನ್ನ ಮಗುವಿಗೆ ಹೊಂದಿಸೋಕೆ ಅಂತ, ಮತ್ತೆ ಮತ್ತೆ ಹೋಗಬೇಕು, ವರ್ಷಗಟ್ಟಲೆ ಥೆರಪಿ ಆಗಬೇಕು, ಅದರಲ್ಲೂ ಎಲ್ಲಾ ಮಕ್ಕಳಿಗೂ ಒಂದೇ ಥರ ಫಲ ಸಿಗಲ್ಲ. ಏಡ್ ಆದ್ರೂ ಅಷ್ಟೇ, ಮಗು ಬೆಳೆದಂಗೆ ಮೋಲ್ಡ್, ಅಂದ್ರೆ ಕಿವಿಯೊಳಗೆ ಕೂರೋ ಅಚ್ಚು, ಸಡಿಲ ಆಗಿ ಕುಯ್ಯ್ ಅಂತ ಸಿಳ್ಳೆ ಹೊಡೆಯತ್ತೆ, ಆ ಸದ್ದಿಗೆ ಬೇಜಾರಾಗಿ ತೆಗೆದು ಬೀರುವಲ್ಲಿಟ್ಟಿರೋ ಮನೆಗಳನ್ನ ನೋಡಿದೀನಿ. ಹೊಸ ಮೋಲ್ಡ್ ಮಾಡಿಸಿದ್ರೆ ಸರಿ ಹೋಗತ್ತೆ, ದಯವಿಟ್ಟು ಬೀರುವಲ್ಲಿಡಬೇಡಿ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ಕೈಸನ್ನೆ ಕಲಿಸಿದ್ರೆ ಮಗು ಮಾತು ಕಲಿಯಲ್ಲ, ಸೋಮಾರಿ ಆಗತ್ತೆ ಅನ್ನೋ ಭಯ ಇದೆಯಲ್ಲ, ಅದು ಹಳೇದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡು ಮಕ್ಕಳ ಶಿಕ್ಷಣದ ಬಗ್ಗೆ ಒಂದು ಸಮ್ಮೇಳನ ನಡೀತು, ಸೇರಿದ್ದೋರು ಹೆಚ್ಚೂ ಕಮ್ಮಿ ಎಲ್ಲ ಕಿವಿ ಕೇಳೋರು, ಶಾಲೆಗಳಲ್ಲಿ ಸೈನ್ ಬೇಡ ಬರೀ ಬಾಯಿಮಾತು ಕಲಿಸಿ ಅಂತ ತೀರ್ಮಾನ ಮಾಡಿಬಿಟ್ರು, ಅದರ ಪರಿಣಾಮ ಎಷ್ಟೋ ದೇಶಗಳ ಮಕ್ಕಳು ತಲೆಮಾರುಗಟ್ಟಲೆ ಅನುಭವಿಸಿದ್ರು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನದ ವೇದಿಕೆಯಲ್ಲೇ ಆ ತೀರ್ಮಾನಕ್ಕೆ ವಿಷಾದ ಹೇಳಿ ಕೈಬಿಟ್ಟರು. ನೂರಾಮೂವತ್ತು ವರ್ಷ! ಮತ್ತೆ ನಿಜ ಏನಪ್ಪಾ ಅಂದ್ರೆ, ರೇಚಲ್ ಮೇಬೆರಿ ಮತ್ತು ಅವರ ಸಂಗಡಿಗರು 2002ರಲ್ಲಿ ತೋರಿಸಿದ ಹಾಗೆ, ಚಿಕ್ಕಂದಿನಲ್ಲೇ ಸೈನ್ ಭಾಷೆ ಸಿಕ್ಕಿದ್ದ ಕಿವುಡರು ದೊಡ್ಡೋರಾದಾಗ ಇಂಗ್ಲಿಷನ್ನೂ ಚೆನ್ನಾಗಿ ಕಲಿತಿದ್ರು, ಎಳವೆಯಲ್ಲಿ ಯಾವ ಭಾಷೆಯೂ ಸರಿಯಾಗಿ ಸಿಗದವರೇ ಹಿಂದೆ ಬಿದ್ದಿದ್ದು. ಮೊದಲನೇ ಭಾಷೆ ಗಟ್ಟಿಯಾದ್ರೆ ಎರಡನೇದು ಅದರ ಮೇಲೆ ನಿಲ್ಲತ್ತೆ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನಲ್ಲಿ ಅಲೀಪುರ ಅಂತ ಒಂದು ಊರಿದೆ. ಅಲ್ಲಿ ಹುಟ್ಟಾ ಕಿವಿ ಕೇಳದವರು ತಲೆಮಾರುಗಳಿಂದ ಇದಾರೆ, ಹಾಗಾಗಿ ಆ ಊರಿನದ್ದೇ ಒಂದು ಸೈನ್ ಭಾಷೆ ಬೆಳೆದಿದೆ, ಭಾಷಾವಿಜ್ಞಾನಿಗಳು ಅದರ ಮೇಲೆ ಸಂಶೋಧನೆ ಮಾಡಿದಾರೆ. ಅಲ್ಲಿ ಅದನ್ನ ಬಳಸೋರು ಕಿವುಡರಷ್ಟೇ ಅಲ್ಲ, ಕಿವಿ ಕೇಳೋ ನೆಂಟರಿಷ್ಟರು, ಅಕ್ಕಪಕ್ಕದವರೂ ಕೈಯಲ್ಲಿ ಮಾತಾಡ್ತಾರೆ. ಒಂದು ಊರು ಮಾಡಬಹುದಾದ್ದನ್ನ ಒಂದು ಮನೆ ಮಾಡಕ್ಕಾಗಲ್ವಾ?

ಶಾಲೆ ವಿಷಯಕ್ಕೆ ಬರ್ತೀನಿ. ನಾನು ನೋಡಿರೋ ಎಷ್ಟೋ ಮಕ್ಕಳ ನೋಟ್‌ಬುಕ್ಕಲ್ಲಿ ಅಕ್ಷರ ಎಷ್ಟು ದುಂಡಗಿರತ್ತೆ ಅಂದ್ರೆ ತಪ್ಪು ಹುಡುಕೋಕಾಗಲ್ಲ, ಪುಟಗಟ್ಟಲೆ ಬೋರ್ಡಿಂದ ಇಳಿಸಿಕೊಂಡಿರೋದು. ಇದರ ಅರ್ಥ ಏನು ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದ್ರೆ ಮಗು ನಗತ್ತೆ, ಗೊತ್ತಿಲ್ಲ. ತಾನಾಗೇ ಬರಿ ಅಂದ್ರೆ "ಅಮ್ಮ ಅಂಗಡಿ ಹೋಗು ತರಕಾರಿ ತರು" ಅಂತ ಬರೆಯತ್ತೆ. ಅಂಗಡಿಗೆ ಅನ್ನೋದರಲ್ಲಿರೋ ಗೆ, ಹೋದಳು ಅನ್ನೋದರಲ್ಲಿರೋ ಅಳು, ಇವನ್ನ ಕಿವಿ ಕೇಳೋ ಮಗು ಯಾರೂ ಕಲಿಸದೆ ಮನೆಯ ಗಲಾಟೆ ಮಧ್ಯೆ ಸಾವಿರ ಸಲ ಕೇಳಿ ಕಲ್ತಿರತ್ತೆ, ಈ ಮಗುವಿಗೆ ಒಂದೊಂದನ್ನೂ ಕಣ್ಣಿಗೆ ಕಾಣೋ ಹಾಗೆ ತೋರಿಸಿ ಕಲಿಸಬೇಕು. ಸೈನ್ ಬರೋ ಟೀಚರ್ ಇದ್ರೆ ಅದು ಸಾಧ್ಯ, ಕಥೆ ಪೂರ್ತಿ ಸೈನಲ್ಲಿ ಹೇಳಿ, ಆಮೇಲೆ ಅದೇ ಕಥೆ ಕನ್ನಡದಲ್ಲಿ ಹೇಗಿದೆ ನೋಡು ಅಂತ ಪ್ರತ್ಯಯಗಳಿಗೆ ಬಣ್ಣ ಹಾಕಿ ತೋರಿಸಬಹುದು. ಭಾರತೀಯ ಸೈನ್ ಭಾಷೆಯಲ್ಲೂ ಕನ್ನಡದ ಥರ ಕ್ರಿಯಾಪದ ಸಾಮಾನ್ಯವಾಗಿ ಕೊನೇಲಿ ಬರತ್ತೆ, ಇಲ್ಲ ಅನ್ನೋದೂ ಕೊನೇಲೇ, ಇದು ನಮ್ಮ ಮಕ್ಕಳಿಗೆ ಒಂದು ಅನುಕೂಲ, ಬಳಸ್ಕೋಬೇಕು ಅಷ್ಟೇ.

ಕಾನೂನು ನಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸೈನ್ ಭಾಷೆ ಬಲ್ಲ ಶಿಕ್ಷಕರನ್ನ ತರಬೇತಿ ಕೊಟ್ಟು ನೇಮಿಸಬೇಕು ಅಂತ ಹೇಳತ್ತೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಭಾರತೀಯ ಸೈನ್ ಭಾಷೆಯ ಮಾತಿದೆ, ದೆಹಲಿಯ ಸೈನ್ ಭಾಷಾ ಸಂಶೋಧನಾ ಕೇಂದ್ರ 10,000 ಪದಗಳ ವಿಡಿಯೋ ನಿಘಂಟು ಮಾಡಿದೆ. ಈಗ ಬೇಕಾಗಿರೋದು ತರಗತಿಯಲ್ಲಿ ನಿಂತು ಆ ಭಾಷೇಲಿ ಪಾಠ ಮಾಡೋ ಜನ, ಅದರಲ್ಲೂ ಸ್ವತಃ ಕಿವಿ ಕೇಳದ ಶಿಕ್ಷಕರು, ಯಾಕಂದ್ರೆ ಎಷ್ಟೋ ಮಕ್ಕಳು ತಮ್ಮ ಹಾಗೇ ಇರೋ ಒಬ್ಬ ದೊಡ್ಡೋರನ್ನ ನೋಡೇ ಇರಲ್ಲ.

ಮನೇಲಿ ಅನುಮಾನ ಇದ್ರೆ ಮೊದಲು ನಿಮ್ಮ ಜಿಲ್ಲಾಸ್ಪತ್ರೆಗೆ ಹೋಗಿ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ನಾವೆಲ್ಲ ಆಯಿಷ್ ಅನ್ನೋದು, ಅಲ್ಲಿ ಪರೀಕ್ಷೆ ಜೊತೆಗೆ ಚಿಕ್ಕ ಮಕ್ಕಳಿಗೆ ಪ್ರೀಸ್ಕೂಲ್ ಇದೆ, ತಾಯಂದಿರಿಗೂ ಕಲಿಸ್ತಾರೆ. ಅಲ್ಲೀವರೆಗೂ ಸುಮ್ಮನೆ ಕೂರಬೇಡಿ, ಮಗುವಿನ ಮುಖದ ಎದುರು, ಬೆಳಕು ನಿಮ್ಮ ಮುಖದ ಮೇಲೆ ಬೀಳೋ ಹಾಗೆ ಕೂತ್ಕೊಳ್ಳಿ, ಕೈ, ಮುಖ, ಬಾಯಿ, ಚಿತ್ರ ಎಲ್ಲಾನೂ ಬಳಸಿ, ಎಲ್ಲಿಗೆ ಹೋಗ್ತಿದೀವಿ, ಯಾರು ಬರ್ತಾರೆ, ಅಜ್ಜಿ ಯಾಕೆ ನಗ್ತಿದಾರೆ, ಪ್ರತಿಯೊಂದನ್ನೂ ಆ ಮಗುವಿಗೂ ಹೇಳಿ. ನಮಸ್ಕಾರ.