ಕಮಲ ಪಾಸು, ಗೀತಾ ಫೇಲು

ಎಲ್ಲರಿಗೂ ನಮಸ್ಕಾರ. ಪಿಎಚ್‌ಪಿ (ವೆಬ್‌ಸೈಟಿನ ಸರ್ವರಿನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಕಲಿಯುವವರು ಶುರುವಿನಲ್ಲೇ ಒಂದು ಫಾರಂ ಮಾಡುತ್ತಾರೆ. ಹೆಸರು, ಇಮೇಲ್, ಮೊಬೈಲ್, ಪಿನ್‌ಕೋಡ್. ತುಂಬಿದ್ದು ಸರಿಯಿದೆಯೇ ಅಂತ ನೋಡಲು ಪ್ರತಿಯೊಂದಕ್ಕೂ ಒಂದು ಇಫ್. ಎರಡನೇ ಫಾರಂ ಬಂದಾಗ ಅವೇ ಇಫ್‌ಗಳು ಕಾಪಿ, ಪೇಸ್ಟ್. ಹೀಗೇ ನಾಲ್ಕಾರು ಫಾರಂ ಆದ ಮೇಲೆ, ಒಂದು ಕಡೆ ಮೊಬೈಲ್ ನಂಬರ್ 9ರಿಂದಲೇ ಶುರುವಾಗಬೇಕು, ಇನ್ನೊಂದು ಕಡೆ 6 ಇದ್ದರೂ ನಡೆಯುತ್ತೆ. ಯಾವುದನ್ನು ಎಲ್ಲಿ ತಿದ್ದಿದ್ದೇವೆ ಅಂತ ಯಾರಿಗೂ ನೆನಪಿರಲ್ಲ, ಅಲ್ವಾ?

ಅದಕ್ಕೇ ಒಂದು ವ್ಯಾಲಿಡೇಟರ್ ಕ್ಲಾಸ್ ಬೇಕು, ಅಂದರೆ ಈ ತಪಾಸಣೆಯನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳುವ ಕೋಡ್. ಅದರ ಒಳಗೆ ಜಾಸ್ತಿ ಏನೂ ಬೇಡ. ಫಾರಂನಿಂದ ಬಂದ ಅರೇ, ನಿಯಮಗಳು, ಸಿಕ್ಕ ತಪ್ಪುಗಳು, ಅಷ್ಟೇ. 'ಪಿನ್‌ಕೋಡ್ ಕಡ್ಡಾಯ, 6 ಅಂಕಿ, ಮೊದಲನೆಯದು ಸೊನ್ನೆ ಅಲ್ಲ' ಅಂತ ಫಾರಂ ಹೇಳಬೇಕು. ಅದನ್ನು ನೋಡುವ ಬಗೆ ಕ್ಲಾಸಿಗೆ ಗೊತ್ತಿರಬೇಕು. ಮೊದಲ ತಪ್ಪಿಗೇ ನಿಲ್ಲದೆ ಎಲ್ಲವನ್ನೂ ಸೇರಿಸಿ ಕೊಡಬೇಕು. ಡೇಟಾಬೇಸಿಗೆ ಹಾಕುವುದು, ಎಚ್‌ಟಿಎಂಎಲ್ ಬರೆಯುವುದು ಅದರ ಕೆಲಸವಲ್ಲ. ಅವನ್ನೂ ಒಳಗೆ ತುರುಕಿದರೆ ಮುಂದಿನ ಪ್ರಾಜೆಕ್ಟಿಗೆ ಅದನ್ನು ಎತ್ತಿಕೊಂಡು ಹೋಗಲು ಆಗಲ್ಲ.

'ಕಡ್ಡಾಯ' ಅನ್ನುವ ನಿಯಮ ಸುಲಭ ಅನ್ನಿಸುತ್ತದೆ. ಎಂಪ್ಟಿ ಫಂಕ್ಷನ್ ಕರೆದರೆ ಆಯ್ತಲ್ಲ? ಪಿಎಚ್‌ಪಿಯಲ್ಲಿ '0' ಅನ್ನುವ ಸ್ಟ್ರಿಂಗ್ ಕೂಡ ಎಂಪ್ಟಿ. ಮಕ್ಕಳೆಷ್ಟು ಅಂತ ಕೇಳಿದಾಗ 0 ಅಂತ ಬರೆದವರಿಗೆ 'ದಯವಿಟ್ಟು ತುಂಬಿ' ಅಂತ ಮೆಸೇಜ್ ಬರುತ್ತದೆ! ಟ್ರಿಮ್ ಮಾಡಿ (ಹಿಂದೆ ಮುಂದಿನ ಖಾಲಿ ಜಾಗ ತೆಗೆದು), ಖಾಲಿ ಸ್ಟ್ರಿಂಗಿಗೆ ಹೋಲಿಸಿ ನೋಡಿ.

ನಿಜವಾದ ತಲೆನೋವು ಹೆಸರಿನದು. ಎ ಇಂದ ಝಡ್ ಅಂತ ಹಾಕಿದರೆ ಕನ್ನಡವೇ ಬರಲ್ಲ. ಸರಿ, ಯೂನಿಕೋಡ್‌ನ ಲೆಟರ್ ವರ್ಗ ಹಾಕೋಣ (ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ, ವರ್ಗ ಕೊಡುವ ಪಟ್ಟಿ). ಈಗ 'ಕಮಲ' ಪಾಸು, 'ಗೀತಾ' ಫೇಲು. ಕಾರಣ, ದೀರ್ಘ, ಕೊಂಬು, ಅರ್ಧಾಕ್ಷರ ಮಾಡುವ ವಿರಾಮ (್) ಇವೆಲ್ಲ ಲೆಟರ್ ಅಲ್ಲ, ಮಾರ್ಕ್ ವರ್ಗಕ್ಕೆ ಸೇರಿದವು. ಕಮಲದಲ್ಲಿ ಅವು ಇಲ್ಲ. ಟೆಸ್ಟ್ ಮಾಡುವಾಗ ಸುಮ್ನೆ ಕಮಲ ಅಂತ ಟೈಪ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಮಾರ್ಕ್ ವರ್ಗ ಸೇರಿಸಿದ ಮೇಲೂ 'ರಾಜ್‌ಕುಮಾರ್' ಸಿಕ್ಕಿಬೀಳಬಹುದು. ಜಕಾರದ ಕೆಳಗೆ ಕಕಾರದ ಒತ್ತು ಬರದಂತೆ ತಡೆಯಲು ಅಲ್ಲೊಂದು ಕಣ್ಣಿಗೆ ಕಾಣದ ಜೋಡಿಮುರುಕ (ಜೀರೋ ವಿಡ್ತ್ ನಾನ್-ಜಾಯ್ನರ್) ಇರುತ್ತದೆ. ಅದು ಎರಡೂ ವರ್ಗಕ್ಕೆ ಸೇರಲ್ಲ, ಬೇರೆಯಾಗಿ ಒಪ್ಪಬೇಕು.

ಉದ್ದದ್ದೂ ಇದೇ ಕಥೆ. 'ಗೀತಾ' ನಮಗೆ 2 ಅಕ್ಷರ. ಗುಣಿತದ ಗುರುತನ್ನೂ ಬೇರೆಯಾಗಿ ಎಣಿಸುವ ಮಲ್ಟಿಬೈಟ್ ಫಂಕ್ಷನ್‌ಗೆ 4. ಯುಟಿಎಫ್-8ರಲ್ಲಿ ಮಾಮೂಲಿ ಸ್ಟ್ರಿಂಗ್ ಉದ್ದದ ಫಂಕ್ಷನ್‌ಗೆ 12, ಅದು ಬೈಟ್ ಎಣಿಸುತ್ತದೆ. ಮೈಎಸ್‌ಕ್ಯುಎಲ್‌ನ ವಾರ್‌ಚಾರ್ ಕಾಲಂ ಎಣಿಸುವುದು 4 ಅಂತಲೇ. ಹಾಗಾಗಿ ಗರಿಷ್ಠ ಉದ್ದಕ್ಕೆ ಮಲ್ಟಿಬೈಟ್ ಲೆಕ್ಕ ಸಾಕು. ಹೆಸರಿಗೆ ಕನಿಷ್ಠ ಉದ್ದ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದನ್ನೆಲ್ಲ ಹತ್ತು ಇಫ್‌ಗಳಲ್ಲಿ ತಿದ್ದುತ್ತಾ ಕೂರಲು ಆಗುತ್ತಾ? ಕ್ಲಾಸಿನಲ್ಲಿ ಆದರೆ ಒಂದೇ ಮೆಥಡ್. ಜತೆಗೆ ಕಮಲ, ಗೀತಾ, ರಾಜ್‌ಕುಮಾರ್ ಮೂವರನ್ನೂ ಯೂನಿಟ್ ಟೆಸ್ಟಿಗೆ ಸೇರಿಸಿಬಿಡಿ.

ಬ್ರೌಸರಿನಲ್ಲೇ ಚೆಕ್ ಮಾಡಿದ್ದೇವಲ್ಲ ಅನ್ನುವವರಿಗೆ ಒಂದೇ ಮಾತು: ಅದನ್ನು ಯಾರು ಬೇಕಾದರೂ ತೆಗೆದುಹಾಕಬಹುದು, ಸರ್ವರಿನಲ್ಲಿ ಮತ್ತೆ ನೋಡಲೇಬೇಕು. ಹಾಗಂತ ಇಂಜೆಕ್ಷನ್ ದಾಳಿಯ (ಫಾರಂ ಮೂಲಕ ಡೇಟಾಬೇಸಿಗೆ ಆಜ್ಞೆ ತೂರಿಸುವುದು) ಹೆದರಿಕೆಗೆ ಸಿಂಗಲ್ ಕೋಟ್ ನಿಷೇಧಿಸಬೇಡಿ. ಮಂಗಳೂರಿನ ಡಿ'ಸೋಜ ಅವರು ತಮ್ಮ ಹೆಸರನ್ನು ಹೇಗೆ ಬರೆಯಬೇಕು? ಆ ದಾಳಿ ತಡೆಯುವುದು, ಆಜ್ಞೆಯನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನ ಕೆಲಸ, ವ್ಯಾಲಿಡೇಟರ್‌ದಲ್ಲ.