ಕಾರಂತರ ಕಪಾಟಿನ ಇನ್ನೊಂದು ಸಾಲು

ಎಲ್ಲರಿಗೂ ನಮಸ್ಕಾರ.

ಮೊದಲು ಈ ಎರಡು ಪುಸ್ತಕ ನೋಡಿ. ಎಡಗೈಯಲ್ಲಿರುವುದು 'ಯಕ್ಷಗಾನ ಬಯಲಾಟ', ಬಲಗೈಯಲ್ಲಿರುವುದು 'ಮೂಕಜ್ಜಿಯ ಕನಸುಗಳು'. ಎರಡೂ ಶಿವರಾಮ ಕಾರಂತರದ್ದೇ. ಮೂಕಜ್ಜಿಗೆ 1977ರಲ್ಲಿ ಜ್ಞಾನಪೀಠ ಬಂತು, ಅದು ಎಲ್ಲರಿಗೂ ಗೊತ್ತು. ಆದರೆ 1959ರಲ್ಲೇ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅದು ಬಂದದ್ದು ಕಾದಂಬರಿಗೆ ಅಲ್ಲ, ಯಕ್ಷಗಾನದ ಬಗ್ಗೆ ಬರೆದ ಈ ಸಂಶೋಧನೆಯ ಪುಸ್ತಕಕ್ಕೆ.

ಕಾರಂತರು ಅಂದರೆ ನಮಗೆ ಚೋಮ ನೆನಪಾಗುತ್ತಾನೆ, ಬೆಟ್ಟದ ಜೀವದ ಗೋಪಾಲಯ್ಯ ನೆನಪಾಗುತ್ತಾರೆ. ಕಲೆ, ವಾಸ್ತು, ವಿಜ್ಞಾನ, ನಿಘಂಟು ಅಂತ ಅವರು ಬರೆದದ್ದೆಲ್ಲ 'ಇವನ್ನೂ ಬರೆದಿದ್ದಾರೆ' ಅನ್ನುವ ಪಟ್ಟಿಗೆ ಸೇರಿಬಿಡುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಒಳ್ಳೆಯ ಕಾದಂಬರಿಗಳು ಹುಟ್ಟಿದ್ದೇ ಆ ಇನ್ನೊಂದು ಸಾಲಿನಿಂದ. ಇವತ್ತಿನ ವಿಡಿಯೊ ಪೂರ್ತಿ ಅದರ ಬಗ್ಗೆಯೇ.

ಬದುಕಿನ ಕಥೆ ಚುಟುಕಾಗಿ ಹೇಳುತ್ತೇನೆ. 1902ರ ಅಕ್ಟೋಬರ್ 10ರಂದು ಉಡುಪಿ ಹತ್ತಿರದ ಕೋಟದಲ್ಲಿ ಹುಟ್ಟು. ಗಾಂಧೀಜಿಯ ಅಸಹಕಾರ ಚಳವಳಿಯ ಸಮಯದಲ್ಲಿ ಕಾಲೇಜು ಬಿಟ್ಟರು. ಖಾದಿ ಪ್ರಚಾರ, ನಾಟಕ, ಪತ್ರಿಕೆ ಅಂತ ಊರೂರು ಅಲೆದರು. ಆಮೇಲೆ ಪುತ್ತೂರಿಗೆ ಬಂದು ದಶಕಗಳ ಕಾಲ ಅಲ್ಲೇ ಉಳಿದರು. ಅಂದರೆ ಇವರ ಹೆಸರಿನ ಹಿಂದೆ ಇರುವ 'ಡಾಕ್ಟರ್' ವಿಶ್ವವಿದ್ಯಾಲಯಗಳು ಆಮೇಲೆ ಕೊಟ್ಟ ಗೌರವ. ಪದವಿಯನ್ನೇ ಮುಗಿಸದ ಮನುಷ್ಯ ಅವರು.

ಈಗ ತೆರೆ ಮೇಲೆ ಬರುತ್ತಿರುವುದು ಪುತ್ತೂರಿನ ಪರ್ಲಡ್ಕ, ಬಾಲವನ. ಮಕ್ಕಳು ಆಡುತ್ತಾ, ಕುಣಿಯುತ್ತಾ, ಚಿತ್ರ ಬರೆಯುತ್ತಾ ಕಲಿಯಬೇಕು ಅಂತ ಕಾರಂತರು ಕಟ್ಟಿಕೊಂಡ ಜಾಗ ಇದು. ಈ ಊರಿನಲ್ಲಿದ್ದಾಗಲೇ 1930ರ ದಶಕದಲ್ಲಿ ಅವರು 'ಬಾಲಪ್ರಪಂಚ' ಬರೆದರು. ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶ. ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂತು. ಆಗ ಇಂಟರ್ನೆಟ್ ಬಿಡಿ, ಕನ್ನಡದಲ್ಲಿ ಎಷ್ಟೋ ವಿಷಯಗಳಿಗೆ ಪದಗಳೇ ಇರಲಿಲ್ಲ. ಒಬ್ಬರೇ ಕೂತು ಓದಿ, ತಿಳಿದುಕೊಂಡು, ಹಳ್ಳಿ ಮಗುವಿಗೆ ಅರ್ಥವಾಗುವ ಹಾಗೆ ಬರೆದರು. 'ಚೋಮನ ದುಡಿ' 1933ರದ್ದು, 'ಮರಳಿ ಮಣ್ಣಿಗೆ' 1940ರ ದಶಕದ ಶುರುವಿನದ್ದು. ಬಾಲಪ್ರಪಂಚ ಇವೆರಡರ ನಡುವೆ ಬಂದದ್ದು. ಒಂದೇ ಮೇಜು, ಒಂದೇ ಕೈ.

ಯಕ್ಷಗಾನಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

ಕರಾವಳಿಯವರಿಗೆ ಆಟ ಅಂದರೆ ರಾತ್ರಿಯಿಡೀ ನೋಡುವಂಥದ್ದು. ನೋಡಿ ಖುಷಿಪಟ್ಟು ಬೆಳಗ್ಗೆ ಮನೆಗೆ ಬರುತ್ತೇವೆ, ಅಷ್ಟೇ. ಈ ವೇಷ ಯಾಕೆ ಹೀಗಿದೆ, ಈ ಪದ ಯಾವ ರಾಗದಲ್ಲಿತ್ತು, ಪ್ರಸಂಗ, ಅಂದರೆ ಆಟದ ಹಾಡುಗಬ್ಬ, ಬರೆದವನು ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ಕಾರಂತರು ಕೇಳಿದರು. ತಾಳೆಗರಿಯ ಪ್ರಸಂಗಗಳನ್ನು ಹುಡುಕಿಕೊಂಡು ಹೋದರು. ಆಟದಲ್ಲಿ ಹಾಡುವ ಹಳೆಯ ಭಾಗವತರ ಬಾಯಲ್ಲಿ ಪದ ಕೇಳಿದರು. ತಲೆಗೆ ಕಟ್ಟುವ ಕೇದಗೆ ಮುಂದಲೆ, ಕಿರೀಟ, ಮುಖದ ಬಣ್ಣ, ಕಾಲಿನ ಹೆಜ್ಜೆ, ಎಲ್ಲವನ್ನೂ ನೋಡಿ ಬರೆದಿಟ್ಟರು. ನೋಡಿ ಬರೆದು ಸುಮ್ಮನೆ ಕೂರಲಿಲ್ಲ, ತಾವೇ ಕುಣಿದರು.

ಆ ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಎಲ್ಲರೂ ಒಪ್ಪಿದರು ಅಂತಲ್ಲ. ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬ ಯಾರು, ಯಾವ ಊರಿನವನು ಅನ್ನುವುದರ ಮೇಲೆ ದೊಡ್ಡ ವಾದವೇ ನಡೆಯಿತು. ಮುಂದೆ ಅವರು ಮಾತು ಬಿಟ್ಟು, ವಯಲಿನ್, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನ ಬ್ಯಾಲೆ ಮಾಡಿದಾಗಲಂತೂ ಸಂಪ್ರದಾಯದವರಿಗೆ ಸಿಟ್ಟೇ ಬಂತು. ಈ ವಿಷಯದಲ್ಲಿ ನಾನೂ ಕಾರಂತರ ಪಕ್ಷ ಅಲ್ಲ. ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಲ್ಲೇ ಕಥೆ ನಡೆಸುವ ತಾಳಮದ್ದಳೆ ಕೇಳಿ ಬೆಳೆದ ಕಿವಿ ನನ್ನದು. ಅರ್ಥಗಾರಿಕೆ, ಅಂದರೆ ಪಾತ್ರಧಾರಿಗಳ ಮಾತುಗಾರಿಕೆ, ಇಲ್ಲದ ಯಕ್ಷಗಾನ ನನಗೆ ಅರ್ಧ ಊಟದ ಹಾಗೆ. ಆದರೆ ಆ ಪ್ರಯೋಗ ಮಾಡುವ ಮೊದಲು ಅವರು ಹಳೆಯದನ್ನು ಬುಡದಿಂದ ಕಲಿತಿದ್ದರು. ಅದಕ್ಕೇ ಅವರ ಜೊತೆ ಜಗಳ ಆಡುವುದಕ್ಕೂ ಓದಿಕೊಂಡೇ ಹೋಗಬೇಕು.

ಈಗ ಒಂದು ಕಾದಂಬರಿ ತೆಗೆಯೋಣ. 'ಅಳಿದ ಮೇಲೆ', 1960ರದ್ದು. ಕಥೆ ಹೇಳುವವರು ಲೇಖಕರೇ. ರೈಲಿನಲ್ಲಿ ಯಶವಂತರಾಯ ಅನ್ನುವವರ ಪರಿಚಯವಾಗುತ್ತದೆ. ಮುಂದೆ ಆ ಮನುಷ್ಯ ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಳ್ಳುತ್ತಾರೆ. ಲೇಖಕರ ಕೈಗೆ ಬರುವುದು ಅವರ ಒಂದಿಷ್ಟು ಟಿಪ್ಪಣಿಗಳು, ಅವರು ಬರೆದ ಚಿತ್ರಗಳು, ಮಿಕ್ಕ ಹಣ, ಅವರು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದವರ ಹೆಸರುಗಳು. ಇಷ್ಟನ್ನೇ ಹಿಡಿದುಕೊಂಡು ಲೇಖಕರು ಊರಿಂದ ಊರಿಗೆ ಹೋಗುತ್ತಾರೆ. ಒಬ್ಬರು ಯಶವಂತನನ್ನು ಒಂದು ಥರ ಹೇಳುತ್ತಾರೆ, ಇನ್ನೊಬ್ಬರು ಬೇರೆ ಥರ. ಪಾರ್ವತಮ್ಮ ಅನ್ನುವ ಮುದುಕಿಯ ಎದುರು ಕೂತಾಗ ಅಲ್ಲಿಯವರೆಗಿನ ಲೆಕ್ಕ ಬದಲಾಗುತ್ತದೆ. ಯಾವ ಮಾತನ್ನು ಎಷ್ಟು ನಂಬಬೇಕು ಅಂತ ಓದುವ ನಾವೂ ತೂಗುತ್ತಾ ಹೋಗುತ್ತೇವೆ.

ಇದು ತಾಳೆಗರಿ ಹುಡುಕಿಕೊಂಡು ಹೋದ ಕೆಲಸವೇ ಅಲ್ವಾ? ಕಾಗದ ಸಿಕ್ಕಿದೆ, ಬರೆದವನು ಇಲ್ಲ. ಗೊತ್ತಿದ್ದವರನ್ನು ಕೇಳಬೇಕು, ತಾಳೆ ನೋಡಬೇಕು, ಆಮೇಲೆ ಬಾಯಿ ತೆರೆಯಬೇಕು. ಅಭ್ಯಾಸ ಅದೇ. ಹುಡುಕುತ್ತಿರುವುದು ಮಾತ್ರ ಒಬ್ಬ ಮನುಷ್ಯನನ್ನು.

ಮೂಕಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. 1968ರಲ್ಲಿ ಬಂದ ಕಾದಂಬರಿ. ಮೂಡೂರು ಅನ್ನುವ ಹಳ್ಳಿ. ಚಿಕ್ಕಂದಿನಲ್ಲೇ ಗಂಡ ಸತ್ತು, ಮನೆಯ ಮೂಲೆಯಲ್ಲೇ ಮುದುಕಿಯಾದ ಅಜ್ಜಿ. ಮೊಮ್ಮಗ ಸುಬ್ಬರಾಯ ಗುಹೆಯಲ್ಲಿ ಸಿಕ್ಕ ಮೂಳೆಚೂರು ತಂದು ಅವಳ ಕೈಗೆ ಕೊಡುತ್ತಾನೆ. ಮುಟ್ಟಿದರೆ ಸಾಕು, ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತದೆ. ಬೇಟೆಯಾಡಿ ಬದುಕಿದವರು, ತಾಯಿಯನ್ನು ಪೂಜಿಸಿದವರು, ಒಂದು ದೇವರ ಜಾಗಕ್ಕೆ ಇನ್ನೊಂದು ದೇವರನ್ನು ತಂದು ಕೂರಿಸಿದವರು. ಪುರಾತತ್ವ, ಮಾನವಶಾಸ್ತ್ರ, ಧರ್ಮದ ಇತಿಹಾಸ ಓದಿದ ವಿದ್ವಾಂಸನಿಗೆ ಮಾತ್ರ ಹೊಳೆಯುವ ಪ್ರಶ್ನೆಗಳು ಇವು. ಇವನ್ನೇ ಪ್ರಬಂಧವಾಗಿ ಬರೆದಿದ್ದರೆ ಗ್ರಂಥಾಲಯದಲ್ಲಿ ಉಳಿಯುತ್ತಿತ್ತು. ಕಾರಂತರು ಆ ಪ್ರಶ್ನೆಗಳನ್ನು ಓದು ಬರಹಕ್ಕೆ ಅವಕಾಶವೇ ಸಿಗದ ಒಬ್ಬ ವಿಧವೆಯ ಬಾಯಿಗೆ ಕೊಟ್ಟರು. ಗಂಡು ಹೆಣ್ಣಿನ ಸಂಬಂಧದ ಬಗ್ಗೆಯೂ ಅವಳು ಸಂಕೋಚವಿಲ್ಲದೆ ಮಾತಾಡುತ್ತಾಳೆ. ಹೊತ್ತು ಹೊತ್ತಿಗೆ ಊರವರು ಅವಳನ್ನು ಕೇಳಿಕೊಂಡು ಬರುತ್ತಾರೆ. ನನ್ನ ಮಟ್ಟಿಗೆ ಕನ್ನಡದಲ್ಲಿ ಇದಕ್ಕಿಂತ ಧೈರ್ಯದ ಕೆಲಸ ಕಡಿಮೆ.

ಹಾಗಂತ ಅವರ ಕಾದಂಬರಿಗಳೆಲ್ಲ ಇದೇ ಎತ್ತರದವು ಅಂತ ನಾನು ಹೇಳುವುದಿಲ್ಲ. 40ಕ್ಕೂ ಜಾಸ್ತಿ ಬರೆದರು. ಕೆಲವದರಲ್ಲಿ ಪಾತ್ರಗಳು ಮಾತಾಡುತ್ತಲೇ ಇರುತ್ತವೆ, ಹಿಂದೆ ಕಾರಂತರ ದನಿಯೇ ಕೇಳಿಸುತ್ತದೆ. ಕಣ್ಣಾರೆ ಕಂಡದ್ದನ್ನು ಬರೆದಾಗ ಮಾತ್ರ ಅವರನ್ನು ಹಿಡಿಯುವವರಿಲ್ಲ. ಮರಳಿ ಮಣ್ಣಿಗೆಯಲ್ಲಿ ಸಮುದ್ರದ ದಂಡೆಯ ಮನೆ, ಮಳೆಗಾಲ, ಪಾರೋತಿ ಸರಸೋತಿಯರ ಮುಗಿಯದ ದುಡಿತ, ಇದ್ಯಾವುದೂ ಪುಸ್ತಕ ಓದಿ ಬರೆಯಲು ಆಗುವಂಥದ್ದಲ್ಲ.

ಕಲಿತದ್ದನ್ನು ಬೀದಿಗೂ ತಂದರು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಕೊಟ್ಟರು. ಕೈಗಾ ಅಣುಸ್ಥಾವರ ಬೇಡ ಅಂತ ಹೋರಾಡಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆಮೇಲೂ ಬರೆಯುವುದು ನಿಲ್ಲಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಕೂತು ಬರೆದದ್ದು ಹಕ್ಕಿಗಳ ಬಗ್ಗೆ. 1997ರ ಡಿಸೆಂಬರ್ 9ರಂದು ತೀರಿಕೊಂಡರು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ನಾನು 'ಅಳಿದ ಮೇಲೆ' ಅನ್ನುತ್ತೇನೆ. ಅದಾದ ಮೇಲೆ ಮೂಕಜ್ಜಿ. ಆಮೇಲೆ ಅವರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು'. 'ಯಕ್ಷಗಾನ ಬಯಲಾಟ' ಮಾತ್ರ ಹಾಗೇ ತೆಗೆಯಬೇಡಿ. ಮೊದಲು ಒಂದು ಬಡಗುತಿಟ್ಟಿನ, ಅಂದರೆ ಕರಾವಳಿಯ ಉತ್ತರ ಭಾಗದ ಶೈಲಿಯ, ಆಟಕ್ಕೆ ಹೋಗಿ. ಆಟ ಶುರುವಾಗುವ ಮೊದಲು ವೇಷ ಕಟ್ಟುವ ಚೌಕಿಗೆ ಹೋಗಿ, ಅಪ್ಪಣೆ ಕೇಳಿ, ಬಣ್ಣ ಹಚ್ಚಿಕೊಳ್ಳುವುದನ್ನು, ಮುಂದಲೆ ಕಟ್ಟುವುದನ್ನು ಒಂದು ಗಂಟೆ ಕೂತು ನೋಡಿ. ಆಮೇಲೆ ಪುಸ್ತಕ ಬಿಡಿಸಿ, ವೇಷಭೂಷಣದ ಭಾಗದಿಂದಲೇ ಶುರು ಮಾಡಿ.