ಕುಶಲಕರ್ಮಿಯನ್ನು ಮೊದಲ ದಿನವೇ ಕರೆಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಹೋಟೆಲ್ ನಡೆಸುವವರು, ಒಳಾಂಗಣ ವಿನ್ಯಾಸ ಕಲಿಯುತ್ತಿರುವ ಹುಡುಗ ಹುಡುಗಿಯರು ರೇಡಿಯೋ ಹಚ್ಚಿ ಕೂತಿದ್ದೀರಿ ಅಂತ ಅಂದುಕೊಂಡೇ ಮಾತಾಡುತ್ತೇನೆ.

ಮೈಸೂರಿನ ಲಲಿತ ಮಹಲ್ ನೋಡಿದ್ದೀರಲ್ವಾ? ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯ್ ಬಂದರೆ ಉಳಿದುಕೊಳ್ಳಲೆಂದು 1921ರಲ್ಲಿ ಕಟ್ಟಿಸಲು ಶುರು ಮಾಡಿದ ಅರಮನೆ ಅದು. 1974ರಲ್ಲಿ ಹೋಟೆಲ್ ಆಯಿತು. ಅಂಥ ಕಡೆ ಒಳಾಂಗಣ ಸಜ್ಜು ಮಾಡುವ ಕೆಲಸ ಸುಲಭ. ಏನನ್ನು ಕೀಳಬಾರದು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಕಷ್ಟ ಇರುವುದು ಉಳಿದ ಐಷಾರಾಮಿ ಹೋಟೆಲುಗಳಲ್ಲಿ. ಎಲ್ಲ ಮುಗಿದ ಮೇಲೆ ಹಂಪಿಯ ಕಲ್ಲಿನ ರಥದ ಫೋಟೋ ತೂಗುಹಾಕಿ, ಮೂಲೆಯಲ್ಲಿ ನಾಲ್ಕು ಚನ್ನಪಟ್ಟಣದ ಗೊಂಬೆ ಇಟ್ಟು, ‘ಇದು ನಮ್ಮ ನೆಲದ ಸೊಗಡು’ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹೇಳುವುದು ಒಂದೇ ಮಾತು: ನಕ್ಷೆ ಬರೆಯುವ ದಿನವೇ ಕುಶಲಕರ್ಮಿಯನ್ನು ಕರೆಯಿರಿ.

ಯಾಕೆ ಅಂತ ಕೇಳಿ. ಬೆಂಗಳೂರಿನ ಒಂದು ಹೋಟೆಲನ್ನು ಹೊಸದಾಗಿ ಸಜ್ಜು ಮಾಡುವಾಗ ಬೀದರ್‌ನಿಂದ ಒಬ್ಬ ಹಿರಿಯ ಉಸ್ತಾದರನ್ನು ಕರೆಸಿದ್ದೆವು. ಪ್ರತಿ ಕೋಣೆಯ ಬಾಗಿಲ ಪಕ್ಕ ಬಿದರಿ ಫಲಕ ಹಾಕುವ ಯೋಚನೆ. ಬಿದರಿ ಹೇಗೆ ಮಾಡುತ್ತಾರೆ ಗೊತ್ತಾ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ಸದ್ಯಕ್ಕೆ ಕಪ್ಪು ಮಾಡಿಕೊಂಡು, ಉಳಿಯಿಂದ ಬಳ್ಳಿ, ಹೂವು ಕೊರೆಯುತ್ತಾರೆ. ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ತಟ್ಟುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಅನ್ನುವ ಲವಣ ಸೇರಿಸಿ ಕುದಿಸಿದ ನೀರು ಹಚ್ಚುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಹಮನಿ ಸುಲ್ತಾನರ ಕಾಲದಿಂದ ಬಂದ ಕೆಲಸ ಇದು!

ಉಸ್ತಾದರು ನಕ್ಷೆ ಮುಟ್ಟಲೇ ಇಲ್ಲ. ಓಣಿಯಂಥ ಆ ಹಾದಿಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದರು. ಚೀಲದಿಂದ ಒಂದು ಚಿಕ್ಕ ಹೂಜಿ ತೆಗೆದು ಗೋಡೆಗೆ ಹಿಡಿದರು. ‘ಮ್ಯಾಲಿಂದ ಬೆಳಕ್ ಬಿದ್ರ ಬೆಳ್ಳಿ ಕಣ್ಣಿಗಿ ಚುಚ್ತದ್ರಿ ಸಾಹೇಬ್ರ, ಬಾಜೂಲಿಂದ ಬಿಡ್ರಿ’ ಅಂದರು. ಎಲೆಕ್ಟ್ರಿಷಿಯನ್ ಒಂದು ದೀಪ ಹಿಡಿದು ಪಕ್ಕದಿಂದ ಬೆಳಕು ಬಿಟ್ಟ. ನಾವು ನಡೆದ ಹಾಗೆ ಹೂಜಿಯ ಮೇಲಿನ ಬಳ್ಳಿ ಒಂದೊಂದೇ ಎಲೆಯಾಗಿ ಹೊಳೆಯತೊಡಗಿತು. ಅವತ್ತೇ ದೀಪದ ನಕ್ಷೆ ಬದಲಾಯಿತು. ಗೋಡೆಗೆ ಗಾಢ ಬಣ್ಣ ಬಳಿಯುವುದನ್ನೂ ಕೈಬಿಟ್ಟೆವು, ಕಪ್ಪು ಎದ್ದು ಕಾಣಬೇಕಲ್ಲ.

ಅವರು ಅಷ್ಟಕ್ಕೇ ಬಿಡಲಿಲ್ಲ. ಕೋಣೆ ಸ್ವಚ್ಛ ಮಾಡುವ ಹೆಣ್ಣುಮಕ್ಕಳನ್ನು ಕರೆದು, ಹಿತ್ತಾಳೆ ಉಜ್ಜುವ ಪಾಲಿಶ್ ಇದಕ್ಕೆ ಹಚ್ಚಿದರೆ ಕಪ್ಪೇ ಹೋಗುತ್ತದೆ, ಹತ್ತಿ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು ಅಂತ ಮಾಡಿ ತೋರಿಸಿದರು. ಈ ಮಾತು ಯಾವ ಕ್ಯಾಟಲಾಗಿನಲ್ಲಿದೆ ಹೇಳಿ? ಫಲಕಗಳನ್ನು ಕೊನೆಗೆ ಆರ್ಡರ್ ಮಾಡಿ ತರಿಸಿದ್ದರೆ ಸುಮ್ನೆ ಗೋಡೆಗೆ ಮೊಳೆ ಹೊಡೆದು ಮುಗಿಸುತ್ತಿದ್ದೆವು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೈಸೂರಿನ ಬೀಟೆ ಮರದ ಕೆತ್ತನೆ ಬೇಕಾದರೆ, ಕೋಣೆಯಲ್ಲಿ ಏಸಿ ಎಲ್ಲಿ ಕೂರುತ್ತದೆ ಅಂತ ಬಡಗಿಗೆ ಮೊದಲೇ ಹೇಳಿ, ಮರ ಒಣಗಿ ಬಾಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣಕ್ಕೆ ಬಿಸಿ ಆಗದು, ದೀಪದ ಹತ್ತಿರ ಇಡಬೇಡಿ. ನವಲಗುಂದದ ಜಮಖಾನ ಕೈಮಗ್ಗದ ನೇಯ್ಗೆ, ನಿಮ್ಮ ಉದ್ಘಾಟನೆಗೆ ವಾರ ಇರುವಾಗ ಹೋಗಿ ಕೇಳಿದರೆ ಸಿಗುವುದಿಲ್ಲ. ಇದಕ್ಕೆಲ್ಲ ಮತ್ತೆ ಅದೇ ಮಾತು, ಮೊದಲ ದಿನವೇ ಕರೆಯಿರಿ.

ಕರೆದಾಗ ಮುಂಗಡ ಕೊಡಿ. ಬೆಳ್ಳಿ ಈಗ ಎಷ್ಟು ದುಬಾರಿ ಅಂತ ನಿಮಗೇ ಗೊತ್ತು. ಸಾಲ ಮಾಡಿ ತಂತಿ ತಂದು ನಿಮ್ಮ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವ ಸ್ಥಿತಿ ಅವರಿಗೆ ಬರಬಾರದು. ಮಾಡಿದವರ ಹೆಸರು, ಊರು ಫಲಕದ ಕೆಳಗೆ ಬರೆಸಿ. ಅತಿಥಿಗಳು ಓದುತ್ತಾರೆ, ಬೀದರ್‌ಗೆ ಹೋಗುವ ದಾರಿಯನ್ನೂ ಕೇಳುತ್ತಾರೆ. ನಮಸ್ಕಾರ.